ಸಹಾಯ ಬೇಕು: ಎರಡು ಬೇರೆ ಪ್ರೊಸೆಸರ್, ಒಂದೇ ಮಾಡೆಲ್ ನಂಬರ್
ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಪ್ರೊಸೆಸರ್ ಯಾವುದು ಅಂತ ಗುರುತಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. ಪಿ.ಜೆ. ಬಡಾವಣೆಯಲ್ಲಿರುವ ಗೆಳೆಯನ ರಿಪೇರಿ ಅಂಗಡಿಗೆ ಬರುವ ಲ್ಯಾಪ್‌ಟಾಪ್‌ಗಳಲ್ಲೇ ಟೆಸ್ಟ್ ಮಾಡುವುದು.

ನಿನ್ನೆ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಇಂಟೆಲ್ ಐ5-7200ಯು ಪ್ರೊಸೆಸರ್, ಇನ್ನೊಂದರಲ್ಲಿ ಐ5-8250ಯು. ಸಿಪಿಯುಐಡಿ (ಪ್ರೊಸೆಸರ್ ತನ್ನ ಗುರುತನ್ನು ತಾನೇ ಹೇಳುವ ಇನ್‌ಸ್ಟ್ರಕ್ಷನ್) ಎರಡಕ್ಕೂ ಫ್ಯಾಮಿಲಿ 6, ಮಾಡೆಲ್ 142 ಅಂತಲೇ ಕೊಡುತ್ತಿದೆ! ಒಂದರಲ್ಲಿ ಎರಡೇ ಕೋರ್, ಇನ್ನೊಂದರಲ್ಲಿ ನಾಲ್ಕು. ಸ್ಟೆಪ್ಪಿಂಗ್ (ಒಂದೇ ಮಾಡೆಲ್‌ನ ಪರಿಷ್ಕರಣೆ ಸಂಖ್ಯೆ) ಮಾತ್ರ ಬೇರೆ: 9 ಮತ್ತು 10. ಎಕ್ಸ್‌ಟೆಂಡೆಡ್ ಮಾಡೆಲ್ (ಮಾಡೆಲ್ ನಂಬರ್‌ನ ಮೇಲಿನ ಬಿಟ್‌ಗಳು) ಸೇರಿಸಲು ಮರೆತೆನೇನೋ ಅಂತ ಕೋಡ್ ಮತ್ತೆ ಓದಿದೆ, ಸರಿಯಾಗೇ ಇದೆ. ಬ್ರ್ಯಾಂಡ್ ಸ್ಟ್ರಿಂಗ್ ಓದಿದರೆ ಹೆಸರು ಸರಿ ಬರುತ್ತದೆ. ಆದರೆ ವರ್ಚುವಲ್ ಮಷೀನ್‌ನಲ್ಲಿ (ಸಾಫ್ಟ್‌ವೇರ್ ಸೃಷ್ಟಿಸುವ ಕಂಪ್ಯೂಟರ್) ಅದನ್ನು ಯಾರು ಬೇಕಾದರೂ ಬದಲಿಸಬಹುದು, ಅಲ್ವಾ?

ಹಾಗಾದರೆ ಯಾವ ತಲೆಮಾರಿನ ಪ್ರೊಸೆಸರ್ ಅಂತ ಹೇಳಲು ಸ್ಟೆಪ್ಪಿಂಗ್ ನಂಬಬೇಕಾ, ಬ್ರ್ಯಾಂಡ್ ಸ್ಟ್ರಿಂಗ್ ನಂಬಬೇಕಾ?