ಕಡಲು, ಹೊಗೆ, ಮರ ಮೂರೂ ಇರುವ ಸೆಂಟ್ ಯಾವುದು?

ಪ್ರಶ್ನೆ, ಮಡಿಕೇರಿಯಿಂದ: ಕಡಲ ಗಾಳಿಯ ಉಪ್ಪು ಇರಬೇಕು, ಹೊಗೆ ಹಿಡಿದ ಮರದ ವಾಸನೆಯೂ ಬೇಕು. ಸಿಹಿ ಬೇಡ. ನಮ್ಮ ಮಳೆಗಾಲಕ್ಕೆ ಆಗುವಂಥದ್ದು ಬಳಸಿದವರು ಹೇಳಿ.

ಸೋಮವಾರಪೇಟೆಯಿಂದ: ಅಂಗಡಿಯಲ್ಲಿ ಮರೀನ್, ಅಂದರೆ ಕಡಲ ವಾಸನೆಯದ್ದು ಅಂತ ಕೇಳಿದರೆ ಜಾಸ್ತಿ ಕೊಡುವುದು ಡೇವಿಡಾಫ್ ಕಂಪನಿಯ ಕೂಲ್ ವಾಟರ್ ಜಾತಿಯದ್ದು. 1988ರಿಂದ ಇದೆ, ಸೋಪಿನ ಹಾಗೆ ಶುಭ್ರ, ಹೊಗೆಯ ಸುಳಿವೂ ಇಲ್ಲ. ಇಂಥವುಗಳಲ್ಲಿ ಕಡಲ ವಾಸನೆಗೆ ಹಾಕುವ ಕ್ಯಾಲೋನ್ ಅನ್ನೋ ರಾಸಾಯನಿಕ 1966ರಲ್ಲಿ ಫೈಜರ್ ಕಂಪನಿಯಲ್ಲಿ ಸಿಕ್ಕಿದ್ದು. ಅದು ಜಾಸ್ತಿಯಾದರೆ ನನಗೆ ಕಡಲಲ್ಲ, ಕಲ್ಲಂಗಡಿ. ನೀವು ಅರ್ಮಾನಿ ಕಂಪನಿಯ ಅಕ್ವಾ ದಿ ಜಿಯೊ ಪ್ರೊಫ್ಯೂಮೊ ಅನ್ನೋ ಸೆಂಟ್ ಹುಡುಕಿ, 2015ರದ್ದು. ಕಡಲಿನ ಕೆಳಗೆ ಧೂಪ, ಪಚೋಲಿ ಎಲೆಯ ಮಣ್ಣಿನಂಥ ವಾಸನೆ ಇದೆ. ಹಳೇ ಬಾಟಲಿ ಸಿಗುವುದು ಕಷ್ಟ, ನಕಲಿ ಬೇರೆ ಓಡಾಡುತ್ತಿವೆ, ನೋಡಿ ತಗೊಳ್ಳಿ.

ವಿರಾಜಪೇಟೆಯಿಂದ: ಅಣ್ಣಾ, ಅಷ್ಟು ದುಡ್ಡು ಯಾಕೆ? ಉತ್ತರ ಪ್ರದೇಶದ ಕನೌಜ್‌ನ ಅತ್ತರಿನವರ ಹತ್ತಿರ ಚೋಯಾ ನಖ ಅನ್ನೋ ಎಣ್ಣೆ ಕೇಳಿ. ಸಮುದ್ರದ ಚಿಪ್ಪನ್ನು ಸುಟ್ಟು, ಬರುವ ಹೊಗೆಯನ್ನು ಎಣ್ಣೆಯಾಗಿ ಹಿಡಿಯುತ್ತಾರೆ, ಹಾಗಾಗಿ ಕಡಲೂ ಹೊಗೆಯೂ ಒಂದೇ ಸೀಸೆಯಲ್ಲಿ ಬರುತ್ತದೆ. ಮೂಗಿಗೆ ಮೊದಲು ಹೊಡೆಯುವುದು ಡಾಂಬರು, ಸುಟ್ಟ ಚರ್ಮ. ಗಾಬರಿಯಾಗಬೇಡಿ, ಒಂದು ಗಂಟೆ ಬಿಟ್ಟರೆ ಉಪ್ಪುಪ್ಪಾಗಿ ಇಳಿಯುತ್ತದೆ. ಅದನ್ನೇ ನೇರ ಮೈಗೆ ಹಚ್ಚಬೇಡಿ. ಲಾವಂಚದ ಅತ್ತರಿಗೆ ಕಡ್ಡಿಯ ತುದಿಯಷ್ಟು ಸೇರಿಸಿದರೆ ಸಾಕು, ಮರ ಮಣ್ಣು ಎರಡನ್ನೂ ಲಾವಂಚ ಕೊಡುತ್ತದೆ. ನಾಗರಮೋಥಾ, ಅಂದರೆ ಕೊನ್ನಾರಿ ಗೆಡ್ಡೆಯ ಎಣ್ಣೆ ಹಾಕಿದರೆ ಇನ್ನೂ ಗಡುಸು. ಇನ್ನೊಂದು ಮಾತು: ಯಾರಾದರೂ ಸೆಂಟಿಗೆ ಹಾಕುವ ತಿಮಿಂಗಿಲ ವಾಂತಿ (ಅಂಬರ್‌ಗ್ರಿಸ್) ಅಂತ ಮಾರಲು ಬಂದರೆ ಹತ್ತಿರ ಸೇರಿಸಬೇಡಿ, 1972ರ ವನ್ಯಜೀವಿ ಕಾಯಿದೆಯಲ್ಲಿ ಸೀದಾ ಜೈಲು. ಆ ವಾಸನೆಯೇ ಬೇಕಾದರೆ ಅದರಂತೆಯೇ ಇರುವ ಆಂಬ್ರಾಕ್ಸಾನ್ ಅನ್ನೋ ರಾಸಾಯನಿಕ ಹಾಕಿದ ಸೆಂಟ್ ನೋಡಿ, ಆಂಬ್ರಾಕ್ಸಾನನ್ನು ಗಿಡದಿಂದ ತೆಗೆದ ವಸ್ತುವಿನಿಂದಲೂ ಮಾಡುತ್ತಾರೆ.

ಕುಶಾಲನಗರದಿಂದ: ಲಾವಂಚದ್ದು ನಾನೂ ಹಾಕುತ್ತೇನೆ, ಚೆನ್ನಾಗಿದೆ. ಆದರೆ ಮಡಿಕೇರಿಯ ಜುಲೈ ಚಳಿಗೆ ಸೆಂಟ್ ಮೇಲೇಳುವುದೇ ಇಲ್ಲ ಅಲ್ವಾ, ಕಡಲಿನ ಭಾಗ ಬೇಗ ಹೋಗಿ ಹೊಗೆ ಮಾತ್ರ ಸ್ವೆಟರಿನಲ್ಲಿ ಉಳಿಯುತ್ತದೆ. ಸೌದೆ ಒಲೆ ಇರೋ ಮನೆಯಾದರೆ ಸೆಂಟ್ ಹಾಕಿದ್ದೀರಿ ಅಂತ ಯಾರೂ ನಂಬುವುದಿಲ್ಲ, ಒಲೆ ಮುಂದೆ ಕೂತಿದ್ರಾ ಅಂತಾರೆ. ಅದಕ್ಕೆ ಉಪ್ಪು ಜಾಸ್ತಿ, ಹೊಗೆ ಕಮ್ಮಿ ಇರುವುದೇ ಆರಿಸಿ. ಸುಮ್ನೆ ದೊಡ್ಡ ಬಾಟಲಿ ತರಿಸಬೇಡಿ, 2 ಎಂಎಲ್ ಸ್ಯಾಂಪಲ್ ತರಿಸಿ ಮಳೆ ದಿನ ಒಮ್ಮೆ, ಬಿಸಿಲು ದಿನ ಒಮ್ಮೆ ಹಾಕಿ ನೋಡಿ.