‘ನಿಂಬೆ’ ಎಂದರೆ ಯಾವ ನಿಂಬೆ?

ಆತ್ಮೀಯರೇ, ನಮಸ್ಕಾರ.

ಸಿ ಜೀವಸತ್ವದ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಜೀವಸತ್ವ’ವೋ ‘ಅನ್ನಾಂಗ’ವೋ ‘ವಿಟಮಿನ್’ಓ ಎಂಬ ಹಳೆಯ ಚರ್ಚೆಯನ್ನು ಮತ್ತೆ ಎತ್ತುವುದಿಲ್ಲ. ನನ್ನನ್ನು ಕಾಡುತ್ತಿರುವುದು, ಯಾವ ತೊಡಕೂ ಇಲ್ಲವೆಂದು ನಾನು ನಂಬಿದ್ದ ‘ನಿಂಬೆ’.

ಇಂಗ್ಲಿಷಿನ ‘ಲೆಮನ್’, ‘ಲೈಮ್’ ಎರಡಕ್ಕೂ ನಾವು ನಿಂಬೆ ಎನ್ನುತ್ತೇವೆ. ನಮ್ಮ ಸಂತೆಯಲ್ಲಿ ರಾಶಿ ಹಾಕಿ ಮಾರುವ, ತೆಳುಸಿಪ್ಪೆಯ ದುಂಡನೆಯ ಸಣ್ಣ ಹಣ್ಣು ಲೈಮ್. ದಪ್ಪ ಸಿಪ್ಪೆಯ, ಉದ್ದುದ್ದನೆಯ, ತುದಿ ತೊಟ್ಟಿನಂತೆ ಮುಂಚಾಚಿದ ಹಳದಿ ಹಣ್ಣು ಲೆಮನ್. ‘ಲೆಮನ್ ರೈಸ್’ ಎಂದು ಹೋಟೆಲಿನ ಪಟ್ಟಿಯಲ್ಲಿ ಬರೆದಿರುವ ಚಿತ್ರಾನ್ನಕ್ಕೆ ಬೀಳುವುದೂ ಲೈಮಿನ ರಸವೇ.

ಅಡುಗೆಯಲ್ಲಿ ಇದರಿಂದ ನಷ್ಟವೇನಿಲ್ಲ. ಆದರೆ ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗದ ಚರಿತ್ರೆ ಈ ಭೇದದ ಮೇಲೆಯೇ ನಿಂತಿದೆ. ಅಂಗಾಂಶಗಳನ್ನು ಹಿಡಿದಿಡುವ ಕೊಲಾಜನ್ ಗಟ್ಟಿಯಾಗಲು ಸಿ ಜೀವಸತ್ವ ಬೇಕು. ಮನುಷ್ಯನ ದೇಹ ಅದನ್ನು ತಾನೇ ತಯಾರಿಸಲಾರದು. ಆಹಾರದಲ್ಲಿ ಅದು ತಪ್ಪಿದರೆ ವಸಡು ಊದಿ ರಕ್ತ ಒಸರುತ್ತದೆ, ಮಾಗಿದ ಗಾಯವೂ ಬಿಚ್ಚಿಕೊಳ್ಳುತ್ತದೆ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 12 ಮಂದಿ ರೋಗಿ ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಪಥ್ಯ ಕೊಟ್ಟಾಗ, ಕಿತ್ತಳೆ ಮತ್ತು ಲೆಮನ್ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. 1795ರಿಂದ ಬ್ರಿಟಿಷ್ ನೌಕಾಪಡೆ ಲೆಮನ್ ರಸ ಹಂಚತೊಡಗಿ, 1860ರ ದಶಕದಲ್ಲಿ ತನ್ನದೇ ವಸಾಹತಾದ ವೆಸ್ಟ್ ಇಂಡೀಸಿನ ಲೈಮಿಗೆ ಹೊರಳಿತು. ಎರಡೂ ಹುಳಿಯೇ, ಸಾಲದ್ದಕ್ಕೆ ‘ಲೈಮ್ ಜ್ಯೂಸ್’ ಎಂಬ ಹೆಸರು ಆಗ ಎರಡಕ್ಕೂ ಸಲ್ಲುತ್ತಿತ್ತು. ಲೈಮಿನಲ್ಲಿ ಈ ಜೀವಸತ್ವ ಕಡಿಮೆ, ಕೂಡಿಟ್ಟ ರಸದಲ್ಲಿ ಇನ್ನೂ ಕಡಿಮೆ ಎಂಬುದು ಯಾರಿಗೂ ಹೊಳೆಯಲಿಲ್ಲ. 1875ರಲ್ಲಿ ಆರ್ಕ್ಟಿಕ್‌ಗೆ ಹೊರಟ ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ನೇರ್ಸ್‌ನ ತಂಡ ಲೈಮ್ ರಸ ಜೊತೆಗಿದ್ದೂ ಸ್ಕರ್ವಿಗೆ ತುತ್ತಾಯಿತು. (ಇಂಗ್ಲಿಷರು ಎಡವಿದ ಪದದಲ್ಲೇ ನಾನೂ ಎಡವುತ್ತಿದ್ದೇನೆಂಬುದು ಸಣ್ಣ ಸಮಾಧಾನ.)

‘ನಿಂಬೆಯ ಬದಲು ನಿಂಬೆ ಕೊಟ್ಟರು’ ಎಂದು ಬರೆಯುವಂತಿಲ್ಲವಷ್ಟೆ! ಲೆಮನ್ನಿಗೆ ‘ಗಜನಿಂಬೆ’ ಎನ್ನೋಣವೆಂದರೆ, ನಮ್ಮ ಮನೆಯಲ್ಲಿ ಆ ಹೆಸರಿರುವುದು ಉಪ್ಪಿನಕಾಯಿಗೆ ಹೆಚ್ಚುವ, ಒರಟು ಸಿಪ್ಪೆಯ ದೊಡ್ಡ ಕಾಯಿಗೆ. ಹೆರಳೆ, ಮಾದಲಗಳಂತೂ ಬೇರೆಯೇ ಹಣ್ಣುಗಳು. ‘ದಪ್ಪಸಿಪ್ಪೆ ನಿಂಬೆ’ ಒಮ್ಮೆ ಒಪ್ಪೀತು, ಹತ್ತು ಸಲ ಬಂದರೆ ಭಾರ. ಸದ್ಯಕ್ಕೆ ಲೈಮಿಗೆ ‘ನಿಂಬೆ’ಯನ್ನು ಉಳಿಸಿಕೊಂಡು ಲೆಮನ್ನನ್ನು ಹಾಗೆಯೇ ಬಿಟ್ಟಿದ್ದೇನೆ, ಓದುಗರು ಅದನ್ನೂ ನಿಂಬೆಯೆಂದೇ ಓದಿಕೊಳ್ಳುವರೆಂಬ ಅಳುಕಿದೆ.

ನಿಮ್ಮ ಊರಿನಲ್ಲಿ ಗಜನಿಂಬೆ ಎಂದರೆ ಯಾವ ಹಣ್ಣು, ಲೆಮನ್ನಿಗೆ ಬೆಳೆಗಾರರ ಬಾಯಲ್ಲಿ ಬೇರೆ ಹೆಸರಿದೆಯೇ ಎಂಬುದನ್ನು ಆಕಾರ, ಸಿಪ್ಪೆಗಳ ವಿವರದೊಡನೆ ತಿಳಿಸಬೇಕಾಗಿ ಕೋರುತ್ತೇನೆ.