ದಿನಕ್ಕೆ ಆರು ಖರ್ಜೂರ ತಿಂದರೆ ಹೆರಿಗೆ ಸುಲಭವಾಗುತ್ತಾ?

ರಮ್ಯಾ_ರಾಜಾಜಿನಗರ: ನನಗೀಗ 36ನೇ ವಾರ. ಗೆಳತಿ ರಸೆಲ್ ಮಾರ್ಕೆಟ್‌ನಿಂದ ಎರಡು ಡಬ್ಬಿ ಖರ್ಜೂರ ತಂದುಕೊಟ್ಟಿದ್ದಾಳೆ. ದಿನಾ ಆರು ತಿಂದರೆ ನೋವು ತಾನಾಗಿಯೇ ಬರುತ್ತೆ ಅಂತಾಳೆ. ನಮ್ಮ ಅತ್ತೆ ಉಷ್ಣ, ಮುಟ್ಟಬೇಡ ಅಂತಾರೆ. ಯಾರ ಮಾತು ಕೇಳಲಿ?

ಸುಮಾ_ಬಿ: ಧಾರಾಳವಾಗಿ ತಿನ್ನಿ. ಜೋರ್ಡಾನ್‌ನಲ್ಲಿ ಅಧ್ಯಯನವೇ ಆಗಿದೆ, 2011ರಲ್ಲಿ ಪ್ರಕಟವಾಗಿದೆ. ಕೊನೆಯ ನಾಲ್ಕು ವಾರ ದಿನಾ ಆರು ತಿಂದವರಲ್ಲಿ ಶೇ. 96 ಮಂದಿಗೆ ನೋವು ತಾನಾಗಿಯೇ ಬಂತು, ತಿನ್ನದವರಲ್ಲಿ ಶೇ. 79. ಇನ್ನೇನು ಬೇಕು?

ಲೆಕ್ಕದ_ಮೇಷ್ಟ್ರು: ಇನ್ನೇನು ಬೇಕಾ? ತಿಂದವರು 69 ಜನ, ತಿನ್ನದವರು 45. ಚೀಟಿ ಎತ್ತಿ ಹಂಚಿದ ಗುಂಪುಗಳೂ ಅಲ್ಲ. ಮಲೇಷ್ಯಾದಲ್ಲಿ 154 ಜನರನ್ನು ಹಾಗೆ ಹಂಚಿ ನೋಡಿದಾಗ ನೋವು ಬೇಗ ಶುರುವಾಗಲೇ ಇಲ್ಲ.

ಸುಮಾ_ಬಿ: ಅದೇ ಮಲೇಷ್ಯಾದವರು ನೋವು ಹೆಚ್ಚಿಸುವ ಡ್ರಿಪ್ ಕಡಿಮೆ ಬೇಕಾಯಿತು ಅಂತಲೂ ಬರೆದಿದ್ದಾರೆ. ಅದನ್ನು ಯಾಕೆ ಸ್ವಾಮಿ ನುಂಗಿಬಿಟ್ಟಿರಿ?

ಬಸು_ಧಾರವಾಡ: ಇದಕ್ಕೆಲ್ಲ ಮಲೇಷ್ಯಾ ಯಾಕ್ರೀ? ನಮ್ಮ ಕಡೆ ಮೊದಲಿಂದಲೂ ಉತ್ತತ್ತಿ ಹಾಕಿ ಅಂಟಿನ ಉಂಡೆ ಕೊಡುತ್ತಾರೆ.

ಗಿರಿಜಮ್ಮ: ಅದು ಬಾಣಂತಿಗೆ ಕೊಡುವುದಪ್ಪಾ, ಬಸುರಿಗಲ್ಲ! ಹೆರಿಗೆಗೆ ಮುಂಚೆ ಉಂಡೆ ಕಟ್ಟುವ ಮನೆ ಯಾವುದು?

ಬಸು_ಧಾರವಾಡ: ನಮ್ಮ ಮನೆ! ಏಳನೇ ತಿಂಗಳ ಕುಪ್ಪುಸಕ್ಕೇ, ಅಂದರೆ ಸೀಮಂತಕ್ಕೇ, ಡಬ್ಬಿ ತುಂಬಿ ಕಳಿಸುತ್ತಾರೆ. ಬೆಂಗಳೂರಿನ ಬೇಕರಿ ಉಂಡೆ ನೋಡಿ ಮಾತಾಡಬೇಡಿ.

ಗಿರಿಜಮ್ಮ: ಬೇಕರಿ ಅಂತೆ! ನಲವತ್ತು ವರ್ಷದಿಂದ ನಾನೇ ಮಾಡುತ್ತಿದ್ದೇನೆ. ಅಂಟನ್ನು ತುಪ್ಪದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಬೇಕು. ಒಟ್ಟಿಗೆ ಸುರಿದರೆ ಮೇಲೆ ಕೆಂಪಾಗಿ, ಒಳಗೆ ಹಸಿಯಾಗೇ ಉಳಿದು ಹಲ್ಲಿಗೆ ಮೆತ್ತಿಕೊಳ್ಳುತ್ತೆ. ನೀವು ಎಂದಾದರೂ ಒಲೆ ಮುಂದೆ ನಿಂತಿದ್ದೀರಾ?

ಬಸು_ಧಾರವಾಡ: ನಿಂತಿದ್ದಕ್ಕೇ ಹೇಳುತ್ತಿರುವುದು. ನಿಮ್ಮ ಕಡೆಯವರು ಪಾಕ ಗಟ್ಟಿ ಮಾಡಿ ಉಂಡೆಯನ್ನು ಕಲ್ಲು ಮಾಡಿಬಿಡುತ್ತೀರಿ.

ನರ್ಸ್_ಶೀಲಾ: ಸುಮ್ನೆ ಉಂಡೆ ಜಗಳ ಯಾಕೆ? ರಮ್ಯಾ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆದಿದ್ದರಲ್ಲ, ಅದು 140ರ ಒಳಗಿತ್ತಾ? ಒಂದು ದೊಡ್ಡ ಮೆಡ್ಜೂಲ್ ಜಾತಿಯ ಖರ್ಜೂರದಲ್ಲಿ 16 ಗ್ರಾಂ ಹತ್ತಿರ ಸಕ್ಕರೆ ಇರುತ್ತೆ. ಶುಗರ್ ಇದ್ದರೆ ಡಾಕ್ಟರನ್ನು ಕೇಳದೆ ಆರು ತಿನ್ನಬೇಡಿ.

ಸುಮಾ_ಬಿ: ಮೆಡ್ಜೂಲ್ ತಿನ್ನಿ ಅಂತ ನಾನೆಲ್ಲಿ ಹೇಳಿದೆ? ಚಿಕ್ಕ ಖರ್ಜೂರ ಸಿಗಲ್ವಾ?

ಲೆಕ್ಕದ_ಮೇಷ್ಟ್ರು: 'ಧಾರಾಳವಾಗಿ' ಅಂದಿದ್ದು ಯಾರು ಮೇಡಂ?

ರಮ್ಯಾ_ರಾಜಾಜಿನಗರ: ಶೀಲಾ ಅಕ್ಕ, 118 ಬಂದಿತ್ತು. ಉಷ್ಣದ ಬಗ್ಗೆ ಅತ್ತೆಗೆ ಏನು ಹೇಳಲಿ?

ಗಿರಿಜಮ್ಮ: ಅತ್ತೆ ಹೇಳಿದ್ದು ಸರಿಯಾಗೇ ಇದೆ ಕಣಮ್ಮ. ಬಸು ಅವರೇ, ಪಾಕ ಎಳೆ ಬರದಿದ್ದರೆ ಉಂಡೆ ಡಬ್ಬಿಯಲ್ಲೇ ಪುಡಿಯಾಗುತ್ತೆ. ಕುಪ್ಪುಸಕ್ಕೆ ಚಮಚವನ್ನೂ ಕಳಿಸುತ್ತೀರಾ?